18,000 ಸೀಟಿನ ಸ್ಟೇಡಿಯಂ ಇರೋ ಸರ್ಕಾರಿ ಹೈಸ್ಕೂಲ್: ದುಡ್ಡು ಯಾರದ್ದು, ಜಾಗ ಯಾರಿಗೆ?

(ಆಡಿಯೊ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತು ಒಂದು ಶಾಲೆಯ ಕಥೆ. ಖಾಸಗಿ ಶಾಲೆ ಅಲ್ಲ, ಫೀಸೂ ಇಲ್ಲ. ಅಪ್ಪಟ ಸರ್ಕಾರಿ ಹೈಸ್ಕೂಲು. ಆದ್ರೆ ಇದಕ್ಕೆ 18,000 ಜನ ಕೂರೋ ಸ್ವಂತ ಫುಟ್‌ಬಾಲ್ ಸ್ಟೇಡಿಯಂ ಇದೆ. ಕಟ್ಟೋದಕ್ಕೆ ಆದ ಖರ್ಚು ಸುಮಾರು 6 ಕೋಟಿ ಡಾಲರ್. 2012ರ ದರದಲ್ಲೇ ಲೆಕ್ಕ ಹಾಕಿದ್ರೂ 300 ಕೋಟಿ ರೂಪಾಯಿ ದಾಟುತ್ತೆ.

ಈ ಸ್ಟೇಡಿಯಂನ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಕೆಳಗಡೆ ಕಾಮೆಂಟ್‌ಗಳಲ್ಲಿ ಒಂದೇ ಪ್ರಶ್ನೆ: 'ಇಷ್ಟು ದುಡ್ಡನ್ನ ಟೀಚರ್‌ಗಳಿಗೆ ಕೊಡಬಾರದಿತ್ತಾ?' ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಅದಕ್ಕಿಂತ ದೊಡ್ಡ ಪ್ರಶ್ನೆಯೊಂದು ಎದುರಾಗುತ್ತೆ. ಎರಡನ್ನೂ ನೋಡೋಣ.

ಊರು ಬೆಳೀತು, ಶಾಲೆ ಒಂದೇ ಉಳೀತು

ಶಾಲೆಯ ಹೆಸರು ಆಲನ್ ಹೈಸ್ಕೂಲ್. ಇರೋದು ಅಮೆರಿಕದ ಟೆಕ್ಸಾಸ್ ರಾಜ್ಯದ ಆಲನ್ ಅನ್ನೋ ಉಪನಗರದಲ್ಲಿ, ಡಲ್ಲಾಸ್‌ನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ. ಪ್ಲೇನೊ, ಫ್ರಿಸ್ಕೊ, ಮೆಕಿನಿ ಎಲ್ಲ ಅಕ್ಕಪಕ್ಕದ ಊರುಗಳು. ಐಟಿ ಕೆಲಸಕ್ಕೆ ಹೋದ ನಮ್ಮವರು ತುಂಬಾ ಮಂದಿ ಈ ಕಡೆ ನೆಲೆಸಿದ್ದಾರೆ. ಕನ್ನಡ ಮನೆಗಳೂ ಇವೆ. ಹಾಗಾಗಿ ನಿಮ್ಮ ಅಕ್ಕನ ಮಗನೋ ಚಿಕ್ಕಪ್ಪನ ಮಗಳೋ ಇಂಥ ಶಾಲೆಯಲ್ಲೇ ಓದ್ತಿರಬಹುದು.

1990ರಲ್ಲಿ ಆಲನ್‌ನ ಜನಸಂಖ್ಯೆ 18 ಸಾವಿರ ಚಿಲ್ಲರೆ. 2000ಕ್ಕೆ 43 ಸಾವಿರ, 2010ಕ್ಕೆ 84 ಸಾವಿರ, 2020ಕ್ಕೆ ಒಂದು ಲಕ್ಷ ದಾಟಿತು. ಸಾಮಾನ್ಯವಾಗಿ ಇಷ್ಟು ಬೆಳೆದ ಊರಲ್ಲಿ ಎರಡನೇ ಹೈಸ್ಕೂಲು, ಮೂರನೇ ಹೈಸ್ಕೂಲು ಬರುತ್ತೆ. ಆಲನ್ ಹಾಗೆ ಮಾಡಲಿಲ್ಲ. ಇಡೀ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಒಂದೇ ಹೈಸ್ಕೂಲ್ ಅಂತ ಹಟ ಹಿಡಿದು, ಅದನ್ನೇ ದೊಡ್ಡದು ಮಾಡ್ತಾ ಹೋಯ್ತು. ಈಗ ಅಲ್ಲಿ ಸುಮಾರು 5,000 ಮಕ್ಕಳು. ಅಮೆರಿಕದ ಹೈಸ್ಕೂಲ್ ಅಂದ್ರೆ 9ರಿಂದ 12ನೇ ತರಗತಿ, ಅಂದ್ರೆ ನಮ್ಮ ಒಂಬತ್ತನೇ ಕ್ಲಾಸಿನಿಂದ ಸೆಕೆಂಡ್ ಪಿಯುವರೆಗೆ. ಆಲನ್‌ನಲ್ಲಿ ಒಂಬತ್ತನೆಯವರಿಗೆ ಬೇರೆ ಕಟ್ಟಡ, ಉಳಿದ ಮೂರು ತರಗತಿಗೆ ಮುಖ್ಯ ಕ್ಯಾಂಪಸ್.

ಹಾಗಾದ್ರೆ ಆ ದುಡ್ಡು ಎಲ್ಲಿಂದ ಬಂತು?

ಮೊದಲು ಒಂದು ವಿಷಯ ಗೊತ್ತಿರಲಿ. ಟೆಕ್ಸಾಸ್‌ನಲ್ಲಿ ಶಾಲೆ ನಡೆಸೋದು ನಗರಸಭೆಯಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅನ್ನೋದು ಪ್ರತ್ಯೇಕ ಸಂಸ್ಥೆ. ಅದಕ್ಕೆ ಜನರೇ ಆರಿಸಿದ ಮಂಡಳಿ ಇರುತ್ತೆ, ತೆರಿಗೆ ಹಾಕೋ ಅಧಿಕಾರವೂ ಇರುತ್ತೆ. ಟೆಕ್ಸಾಸ್ ರಾಜ್ಯದಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಹಾಗಾಗಿ ಶಾಲೆಯ ಭಾರ ಬೀಳೋದು ಬಹುಪಾಲು ಮನೆ, ಜಮೀನು, ಅಂಗಡಿಗಳ ಮೇಲಿನ ಆಸ್ತಿ ತೆರಿಗೆಯ ಮೇಲೆ.

ಈ ತೆರಿಗೆಯಲ್ಲಿ ಎರಡು ಡಬ್ಬಿ ಅಂದ್ಕೊಳ್ಳಿ. ಮೊದಲನೇ ಡಬ್ಬಿ ದಿನದ ಖರ್ಚಿಗೆ: ಟೀಚರ್ ಸಂಬಳ, ಕರೆಂಟು, ಬಸ್ಸಿನ ಡೀಸೆಲ್. ಎರಡನೇದು ಸಾಲ ತೀರಿಸೋದಕ್ಕೆ. ಕಟ್ಟಡ ಕಟ್ಟಬೇಕಾದ್ರೆ ಡಿಸ್ಟ್ರಿಕ್ಟು ಬಾಂಡ್ ಮೂಲಕ ಸಾಲ ಎತ್ತುತ್ತೆ. ಅದಕ್ಕೆ ಊರಿನವರು ಮತ ಹಾಕಿ ಒಪ್ಪಿಗೆ ಕೊಡಬೇಕು. ಹಾಗೆ ಎತ್ತಿದ ಹಣವನ್ನ ಸಂಬಳಕ್ಕೆ ಬಳಸೋ ಹಾಗಿಲ್ಲ, ಕಾನೂನು ಬಿಡೋದಿಲ್ಲ.

2009ರಲ್ಲಿ ಆಲನ್‌ನಲ್ಲಿ ಅಂಥ ಒಂದು ಮತದಾನ ನಡೀತು. ಒಟ್ಟು ಮೊತ್ತ ಸುಮಾರು 11.9 ಕೋಟಿ ಡಾಲರ್. ಅದರಲ್ಲಿ ಸ್ಟೇಡಿಯಂ ಜೊತೆಗೆ ನಾಟಕ, ಸಂಗೀತಕ್ಕೆ ಒಂದು ಸಭಾಂಗಣ, ಬಸ್ ನಿರ್ವಹಣೆಯಂಥ ಕೆಲಸಕ್ಕೆ ಒಂದು ಕೇಂದ್ರ ಕೂಡ ಇತ್ತು. ಮತ ಹಾಕಿದವರಲ್ಲಿ ಹತ್ತಕ್ಕೆ ಆರಕ್ಕಿಂತ ಹೆಚ್ಚು ಜನ 'ಸರಿ' ಅಂದ್ರು. ಹಳೇ ಸ್ಟೇಡಿಯಂ ಸಣ್ಣ ಊರಿಗೆ ಅಂತ ಕಟ್ಟಿದ್ದು, ಪಂದ್ಯ ಬಂದಾಗೆಲ್ಲ ತಾತ್ಕಾಲಿಕ ಆಸನ ಹಾಕಿಸ್ಬೇಕಾಗಿತ್ತು ಅನ್ನೋದು ಅವರ ವಾದ.

ಅಂದ್ರೆ 'ಆ ದುಡ್ಡನ್ನೇ ಟೀಚರ್‌ಗಳಿಗೆ ಕೊಡಿ' ಅನ್ನೋದು ಆಗೋ ಮಾತಲ್ಲ. 'ಈ ಸಾಲವೇ ಬೇಡ' ಅನ್ನಬಹುದಿತ್ತು. ಜನ ಅನ್ನಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆಸ್ತಿ ತೆರಿಗೆ ನಂಬಿದ್ರೆ ಶ್ರೀಮಂತ ಬಡಾವಣೆಯ ಶಾಲೆಗೆ ಜಾಸ್ತಿ, ಬಡ ಬಡಾವಣೆಗೆ ಕಮ್ಮಿ ಸಿಗುತ್ತೆ. ಇದನ್ನ ಪ್ರಶ್ನಿಸಿ ಸ್ಯಾನ್ ಆಂಟೋನಿಯೊದ ಎಜ್‌ವುಡ್ ಅನ್ನೋ ಬಡ ಡಿಸ್ಟ್ರಿಕ್ಟ್‌ನ ಪೋಷಕರು ಕೋರ್ಟಿಗೆ ಹೋದ್ರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರ ತೀರ್ಪಿನಲ್ಲಿ ಅವರ ವಾದ ಒಪ್ಪಲಿಲ್ಲ. ಶಿಕ್ಷಣ ಅಲ್ಲಿನ ಸಂವಿಧಾನದಡಿ ಮೂಲಭೂತ ಹಕ್ಕಲ್ಲ ಅಂದಿತು. ಆಮೇಲೆ ರಾಜ್ಯದ ಕೋರ್ಟಲ್ಲಿ ಹೋರಾಟ ಮುಂದುವರಿದು, 1989ರಲ್ಲಿ ಎಜ್‌ವುಡ್ ಗೆದ್ದಿತು. 1993ರಲ್ಲಿ ಹೊಸ ಕಾನೂನು ಬಂತು: ಆಸ್ತಿ ಮೌಲ್ಯ ಹೆಚ್ಚಿರೋ ಡಿಸ್ಟ್ರಿಕ್ಟ್‌ಗಳು ಒಂದು ಪಾಲನ್ನ ವಾಪಸ್ ಕೊಡಬೇಕು, ಅದು ಬೇರೆಯವರಿಗೆ ಹೋಗುತ್ತೆ. ಜನ ಇದಕ್ಕಿಟ್ಟ ಹೆಸರು 'ರಾಬಿನ್ ಹುಡ್'.

ಆದ್ರೆ ಗಮನಿಸಿ. ಈ ವಾಪಸಾತಿ ಲೆಕ್ಕ ದಿನದ ಖರ್ಚಿನ ಡಬ್ಬಿಗೆ ಮಾತ್ರ. ಸಾಲದ ಡಬ್ಬಿಯ ದುಡ್ಡು ಊರಲ್ಲೇ ಉಳಿಯುತ್ತೆ. ಕಟ್ಟಡಕ್ಕೆ ಅಂತ ಕೊಟ್ಟ ಪ್ರತಿ ಡಾಲರೂ ನಮ್ಮ ಕಣ್ಣೆದುರೇ ಇರುತ್ತೆ ಅನ್ನೋದು ಮತ ಹಾಕೋವಾಗ ದೊಡ್ಡ ಆಕರ್ಷಣೆ. ಟೆಕ್ಸಾಸ್‌ನ ಉಪನಗರಗಳಲ್ಲಿ ಕಟ್ಟಡಗಳು ಅಷ್ಟು ಭವ್ಯವಾಗಿರೋದಕ್ಕೆ ಇದೂ ಒಂದು ಕಾರಣ. ಪಕ್ಕದ ಮೆಕಿನಿಯಲ್ಲೂ 2018ರಲ್ಲಿ ಸುಮಾರು 7 ಕೋಟಿ ಡಾಲರ್‌ನ ಸ್ಟೇಡಿಯಂ ಬಂತು.

ಬಿರುಕು ಬಿಟ್ಟ ಕಾಂಕ್ರೀಟು

ಆಲನ್‌ನ ಈಗಲ್ ಸ್ಟೇಡಿಯಂ 2012ರ ಆಗಸ್ಟ್‌ನಲ್ಲಿ ಶುರುವಾಯ್ತು. ಎತ್ತರದ ವಿಡಿಯೊ ಪರದೆ, ಕೆಳಗಡೆ ಕುಸ್ತಿ ಅಭ್ಯಾಸಕ್ಕೆ ಜಾಗ, ಗಾಲ್ಫ್ ಅಭ್ಯಾಸಕ್ಕೂ ಜಾಗ. ಮೊದಲ ಪಂದ್ಯದಲ್ಲಿ ಸೌತ್‌ಲೇಕ್ ಕ್ಯಾರೊಲ್ ತಂಡವನ್ನ 24–0ರಿಂದ ಸೋಲಿಸಿದರು.

ಎರಡು ವರ್ಷವೂ ತುಂಬಿರಲಿಲ್ಲ. 2014ರ ಫೆಬ್ರುವರಿಯಲ್ಲಿ, ಜನ ಓಡಾಡೋ ಮೊಗಸಾಲೆಯ ಕಾಂಕ್ರೀಟಿನಲ್ಲಿ ಬಿರುಕು ಕಾಣಿಸಿ ಸ್ಟೇಡಿಯಂ ಮುಚ್ಚಬೇಕಾಯ್ತು. ತಪಾಸಣೆಯಲ್ಲಿ ವಿನ್ಯಾಸದಲ್ಲೇ ಲೋಪ ಇದೆ ಅಂತ ಗೊತ್ತಾಯ್ತು. ರಿಪೇರಿಗೆ ಸುಮಾರು 1 ಕೋಟಿ ಡಾಲರ್. ಅದನ್ನ ಭರಿಸಿದ್ದು ತೆರಿಗೆದಾರರಲ್ಲ, ಕಟ್ಟಿದವರ ಕಡೆಯವರು. 2015ರಲ್ಲಿ ಮತ್ತೆ ತೆರೀತು.

ಮಧ್ಯೆ ಏನಾಯ್ತು ಗೊತ್ತಾ? 2014ರ ಇಡೀ ಸೀಸನ್ ಸ್ವಂತ ಸ್ಟೇಡಿಯಂ ಇಲ್ಲದೆ ಆಡಿದ ಅದೇ ತಂಡ ಒಂದು ಪಂದ್ಯವನ್ನೂ ಸೋಲದೆ ರಾಜ್ಯ ಚಾಂಪಿಯನ್ ಆಯ್ತು. 2012, 2013, 2014, ಸತತ ಮೂರು ವರ್ಷ ಪ್ರಶಸ್ತಿ. ಆಗ ಕ್ವಾರ್ಟರ್‌ಬ್ಯಾಕ್ ಆಗಿದ್ದ ಹುಡುಗ ಕೈಲರ್ ಮರ್ರಿ, ಆರಂಭಿಕ ಆಟಗಾರನಾಗಿ ಆಡಿದ 42 ಪಂದ್ಯಗಳಲ್ಲಿ 42ನ್ನೂ ಗೆದ್ದ. 2019ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯೂ ಅವನೇ.

ಗೆಲ್ಲೋಕೆ 18,000 ಸೀಟು ಬೇಕಾಗಿರಲಿಲ್ಲ ಅನ್ನೋದನ್ನ ಆ ಒಂದು ಸೀಸನ್ನೇ ತೋರಿಸಿಕೊಟ್ಟಿತು.

ಫೇಲಾದ್ರೆ ಆಟ ಇಲ್ಲ

ಸರಿ, ಆಟ ಆಯ್ತು. ಓದು? ಟೆಕ್ಸಾಸ್‌ನಲ್ಲಿ 1984ರಿಂದ ಒಂದು ನಿಯಮ ಇದೆ: ಪಾಸಾಗದಿದ್ರೆ ಆಟ ಇಲ್ಲ. ಯಾವುದೇ ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದ್ರೆ ಪಂದ್ಯದಿಂದ ಹೊರಗೆ. ಮೊದಲು ಆರು ವಾರ ಇತ್ತು, ಆಮೇಲೆ ಮೂರು ವಾರಕ್ಕೆ ಇಳಿಸಿದ್ರು. ಇದು ಫುಟ್‌ಬಾಲಿಗೆ ಮಾತ್ರ ಅಲ್ಲ, ಬ್ಯಾಂಡಿಗೂ ಚರ್ಚಾ ಸ್ಪರ್ಧೆಗೂ ಅನ್ವಯ. ಕಠಿಣ ಕೋರ್ಸ್‌ಗಳಿಗೆ ಒಂದಿಷ್ಟು ವಿನಾಯಿತಿ ಇದೆ.

ಆ ಕಠಿಣ ಕೋರ್ಸ್‌ಗಳಲ್ಲಿ ಮುಖ್ಯವಾದದ್ದು ಎಪಿ. ಹೈಸ್ಕೂಲಲ್ಲೇ ಕಾಲೇಜು ಮಟ್ಟದ ಪಾಠ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. 3 ಬಂದ್ರೆ ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಆ ವಿಷಯದ ಕ್ರೆಡಿಟ್ ಸಿಗುತ್ತೆ, ಅಷ್ಟು ಫೀಸೂ ಉಳಿಯುತ್ತೆ. 5,000 ಮಕ್ಕಳಿರೋ ಶಾಲೆಗೆ ಇಲ್ಲೊಂದು ಅನುಕೂಲ: ಅಪರೂಪದ ವಿಷಯಕ್ಕೂ ಒಂದು ಕ್ಲಾಸು ತುಂಬುವಷ್ಟು ಮಕ್ಕಳು ಸಿಗ್ತಾರೆ. ಆಲನ್‌ನಲ್ಲಿ ಅಡುಗೆ ಕಲಿಯೋ ಮಕ್ಕಳೇ ನಡೆಸೋ ರೆಸ್ಟೋರೆಂಟ್ ಇದೆ, ಡಿಸ್ಟ್ರಿಕ್ಟ್‌ಗೆ ಸ್ಟೀಮ್ ಸೆಂಟರ್ ಇದೆ. 500 ಮಕ್ಕಳ ಶಾಲೆಯಲ್ಲಿ ಇದೆಲ್ಲ ಕಷ್ಟ.

ಇನ್ನು ಅನಾನುಕೂಲ. 1997ರ ಕಾನೂನಿನ ಪ್ರಕಾರ, ಟೆಕ್ಸಾಸ್‌ನ ಯಾವುದೇ ಹೈಸ್ಕೂಲಲ್ಲಿ ಮೇಲಿನ ಶೇ 10ರೊಳಗೆ ಬಂದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್‌ಗೆ ಮಾತ್ರ ಈ ಗೆರೆ ಇನ್ನೂ ಬಿಗಿ, ಇತ್ತೀಚೆಗೆ ಶೇ 5–6ರ ಆಸುಪಾಸು. ಗ್ರಾಮೀಣ ಶಾಲೆ, ಬಡ ಬಡಾವಣೆಯ ಶಾಲೆಯ ಮಕ್ಕಳಿಗೂ ಅವಕಾಶ ಸಿಗಲಿ ಅನ್ನೋದು ಇದರ ಸಾರ. ಒಳ್ಳೇ ಉದ್ದೇಶ. ಆದ್ರೆ ಓದಿನಲ್ಲಿ ಮುಂದಿರೋ ಉಪನಗರದ ಶಾಲೆಯಲ್ಲಿ ಇದೇ ಗೆರೆ ಮಕ್ಕಳ ನಿದ್ದೆ ಕೆಡಿಸುತ್ತೆ. ಒಂದು ತರಗತಿಯಲ್ಲಿ 1,600 ಮಂದಿ ಇದ್ದಾರೆ ಅಂದ್ಕೊಳ್ಳಿ. ಶೇ 6 ಅಂದ್ರೆ 96 ಜನ. 97ನೇ ಹುಡುಗಿ ಬೇರೆ ಶಾಲೆಯಲ್ಲಿದ್ದಿದ್ರೆ ಮೊದಲ ಹತ್ತರಲ್ಲಿ ಇರ್ತಿದ್ಲೋ ಏನೋ. ಇಲ್ಲಿ ಅವಳಿಗೆ ನೇರ ಪ್ರವೇಶ ಇಲ್ಲ.

'ಒಳ್ಳೇ ಸ್ಕೂಲ್ ಇದೆ' ಅಂತ ಸಾಲ ಮಾಡಿ ಆ ಊರಲ್ಲಿ ಮನೆ ತಗೊಂಡ ಅಪ್ಪ ಅಮ್ಮಂದಿರಿಗೆ ಈ ಲೆಕ್ಕ ಅರ್ಥ ಆಗೋದು ಸ್ವಲ್ಪ ತಡವಾಗಿ.

ಸೀಟು ಎಷ್ಟು, ಜಾಗ ಎಷ್ಟು?

ಈಗ ಆ ದೊಡ್ಡ ಪ್ರಶ್ನೆಗೆ ಬರೋಣ. ಸ್ಟೇಡಿಯಂನಲ್ಲಿ ನೋಡೋರಿಗೆ 18,000 ಸೀಟು. ಆಡೋರಿಗೆ? ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಸಲಕ್ಕೆ ಅಂಗಳದಲ್ಲಿ ಒಂದು ತಂಡದ 11 ಜನ. ಬ್ಯಾಸ್ಕೆಟ್‌ಬಾಲ್‌ನಲ್ಲಿ 5 ಜನ. ಶಾಲೆಯ ಮುಖ್ಯ ಬ್ಯಾಸ್ಕೆಟ್‌ಬಾಲ್ ತಂಡ ಅಂದ್ರೆ ಹೆಚ್ಚೂ ಕಮ್ಮಿ ಒಂದು ಡಜನ್ ಮಕ್ಕಳು. 5,000 ಮಕ್ಕಳಿದ್ರೂ ತಂಡ ಒಂದೇ. ಎರಡು ಹೈಸ್ಕೂಲ್ ಇದ್ದಿದ್ರೆ ಎರಡು ತಂಡ, ಎರಡು ನಾಟಕದ ನಾಯಕಿ ಪಾತ್ರ, ಇಬ್ಬರು ವಿದ್ಯಾರ್ಥಿ ಸಂಘದ ಅಧ್ಯಕ್ಷರು.

ಪಕ್ಕದ ಫ್ರಿಸ್ಕೊ ಇದನ್ನೇ ಯೋಚಿಸಿ ಉಲ್ಟಾ ದಾರಿ ಹಿಡೀತು. ಅಲ್ಲಿನ ಡಿಸ್ಟ್ರಿಕ್ಟು ಒಂದೊಂದು ಹೈಸ್ಕೂಲಿಗೆ ಎರಡು ಸಾವಿರದ ಆಸುಪಾಸು ಮಕ್ಕಳು ಸಾಕು ಅಂತ ನಿರ್ಧರಿಸಿ, ಶಾಲೆಗಳ ಸಂಖ್ಯೆಯನ್ನೇ ಹೆಚ್ಚಿಸ್ತಾ ಹೋಯ್ತು. ಈಗ 12 ಹೈಸ್ಕೂಲುಗಳಿವೆ. ಅಂದ್ರೆ 12 ತಂಡ, 12 ಬ್ಯಾಂಡ್. ಸಾಮಾನ್ಯ ಆಟಗಾರನಿಗೂ ಜೆರ್ಸಿ ಸಿಗೋ ಅವಕಾಶ ಹೆಚ್ಚು. ಇದಕ್ಕೂ ಬೆಲೆ ಇದೆ: 12 ಕಟ್ಟಡ ನಡೆಸೋ ಖರ್ಚು, ಹೊಸ ಶಾಲೆ ಬಂದಾಗೆಲ್ಲ ಗಡಿ ಬದಲಾವಣೆ, ಸ್ನೇಹಿತರು ಬೇರೆ ಬೇರೆ ಶಾಲೆಗೆ.

ಆಲನ್ ಕಡೆಯ ವಾದವನ್ನೂ ಕೇಳಬೇಕು. ಒಂದೇ ಶಾಲೆ ಇರೋದ್ರಿಂದ ಊರಿನ ಶ್ರೀಮಂತ ಬಡಾವಣೆ, ಬಡ ಬಡಾವಣೆ ಅಂತ ಮಕ್ಕಳು ಬೇರೆಯಾಗಲಿಲ್ಲ. ಎಲ್ಲರಿಗೂ ಅದೇ ಲ್ಯಾಬ್, ಅದೇ ಟೀಚರ್. ಮತ್ತೆ ಅಲ್ಲಿನ ಬ್ಯಾಂಡ್ ನೋಡಿ. 'ಈಗಲ್ ಎಸ್ಕಾಡ್ರಿಲ್' ಅಂತ ಹೆಸರು. ಧ್ವಜದಳ, ನೃತ್ಯ ತಂಡ ಸೇರಿ ಕೆಲವು ವರ್ಷ 700 ದಾಟಿದೆ. ಶುಕ್ರವಾರ ರಾತ್ರಿ ಆ ಅಂಗಳದಲ್ಲಿ ಇಳಿಯೋ ಮಕ್ಕಳಲ್ಲಿ ಆಟಗಾರರಿಗಿಂತ ವಾದ್ಯ ಹಿಡಿದವರೇ ಎಷ್ಟೋ ಪಟ್ಟು ಹೆಚ್ಚು. ಸ್ಟೇಡಿಯಂ ಬಗ್ಗೆ ನನಗಿದ್ದ ಅಸಮಾಧಾನ ಸ್ವಲ್ಪ ಕಡಿಮೆಯಾಗಿದ್ದು ಈ ಲೆಕ್ಕ ನೋಡಿದ ಮೇಲೆ.

ಇನ್ನೊಂದು ಮಾತು. ಶಾಲೆಗೆ ಫೀಸಿಲ್ಲ, ನಿಜ. ಆದ್ರೆ ಸೇರೋದಕ್ಕೆ ಸಾಮಾನ್ಯವಾಗಿ ಆ ಊರಲ್ಲಿ ವಿಳಾಸ ಬೇಕು. ಬಾಡಿಗೆನೋ ಸ್ವಂತದ್ದೋ, ಆ ಮನೆಯ ಬೆಲೆಯೇ ಅಲ್ಲಿ ಫೀಸು. ಶಾಲೆ ಚೆನ್ನಾಗಿದ್ದಷ್ಟೂ ಮನೆ ದುಬಾರಿ, ಮನೆ ದುಬಾರಿಯಾದಷ್ಟೂ ಸಣ್ಣ ಮಕ್ಕಳಿರೋ ಹೊಸ ಸಂಸಾರಗಳಿಗೆ ಅಲ್ಲಿಗೆ ಬರೋದು ಕಷ್ಟ. ಮಕ್ಕಳ ಸಂಖ್ಯೆ ಇಳೀತಾ ಬಂದು, 2023ರಲ್ಲಿ ಇದೇ ಆಲನ್ ಡಿಸ್ಟ್ರಿಕ್ಟು ಎರಡು ಪ್ರಾಥಮಿಕ ಶಾಲೆಗಳನ್ನ ಮುಚ್ಚಿತು. ಸ್ಟೇಡಿಯಂ ಕಟ್ಟಿದಾಗ ಊರು ಬೆಳೀತಾನೇ ಇರುತ್ತೆ ಅಂತ ಅನಿಸಿತ್ತು. ಯಾವ ಊರೂ ಹಾಗೆ ಬೆಳೀತಾನೇ ಇರೋದಿಲ್ಲ.

ಹಾಗಾಗಿ ಮುಂದಿನ ಸಲ ಇಂಥ ಶಾಲೆಯ ವಿಡಿಯೊ ನೋಡಿದಾಗ, ಅದು ಅಲ್ಲಿಯದಿರಲಿ, ನಮ್ಮೂರಿನದಿರಲಿ, ಪರದೆ ಎಷ್ಟು ದೊಡ್ಡದು ಅಂತ ನೋಡ್ಬೇಡಿ. ಮೂರು ಪ್ರಶ್ನೆ ಕೇಳಿ. ಈ ದುಡ್ಡು ಯಾವ ಡಬ್ಬಿಯಿಂದ ಬಂತು? ಇಲ್ಲಿ ಸೇರೋಕೆ ಯಾರಿಗೆ ಆಗುತ್ತೆ? ಹೆಸರು ಮಾಡದ, ರ‍್ಯಾಂಕ್ ಬರದ, ಸುಮ್ನೆ ಆಡೋಕೆ ಇಷ್ಟ ಇರೋ ಹುಡುಗನಿಗೆ, ಹುಡುಗಿಗೆ ಇಲ್ಲಿ ಜಾಗ ಎಷ್ಟಿದೆ?

ಪಿ.ಟಿ. ಪೀರಿಯಡ್‌ನ ಗಣಿತದ ಮೇಷ್ಟ್ರು ತಗೊಂಡಾಗ ಬೇಜಾರಾಗಿದ್ದವರಿಗೆ ಈ ಮೂರನೇ ಪ್ರಶ್ನೆ ಬೇಗ ಅರ್ಥ ಆಗುತ್ತೆ.

ನಿಮ್ಮ ಶಾಲೆಯಲ್ಲಿ ಆಟಕ್ಕೆ ಎಷ್ಟು ಜಾಗ ಇತ್ತು, ಆ ಜಾಗ ಯಾರಿಗೆ ಸಿಗ್ತಿತ್ತು? ಬರೆದು ಕಳಿಸಿ.