ಕಜ್ಜಿಗೆ ಬೇವು: ತುರಿಸಿದಲ್ಲಿ ಮಾತ್ರ ಹಚ್ಚಿದರೆ ಸಾಲದು

ಹಗಲು ಹೇಗೋ ತಡೆದುಕೊಳ್ಳಬಹುದಾದ ತುರಿಕೆ ರಾತ್ರಿ ಹೊದ್ದು ಮಲಗಿದೊಡನೆ ಕೆರಳುತ್ತದೆಯೇ? ಬೆರಳ ಸಂದಿ, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ, ತೊಡೆಸಂದಿಯಲ್ಲಿ ಸಣ್ಣ ಗುಳ್ಳೆಗಳಿವೆಯೇ? ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದಾರೆಯೇ? ಹಾಗಿದ್ದರೆ ಅದು ಬಹುಮಟ್ಟಿಗೆ ಕಜ್ಜಿ. ನಮ್ಮಲ್ಲಿ ಉಷ್ಣ, ನಂಜು ಎಂದು ಬದನೆಕಾಯಿ ಬಿಡಿಸುತ್ತಾರೆ. ಬದನೆಕಾಯಿ ಬಿಟ್ಟರೆ ಕಜ್ಜಿ ಹೋಗುವುದಿಲ್ಲ. ಅದಕ್ಕೆ ಕಾರಣ ಚರ್ಮದೊಳಗೆ ಸುರಂಗ ಕೊರೆದು ಕೂತ ಒಂದು ನುಸಿ.

ತೆಂಗನ್ನು ಕಾಡುವ ನುಸಿಯ ದೂರದ ನೆಂಟ ಇದು. ಹೆಣ್ಣು ನುಸಿಯ ಉದ್ದ ಅರ್ಧ ಮಿಲಿಮೀಟರಿಗಿಂತ ಕಡಿಮೆ. ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ, ಅವು ಮೂರು ನಾಲ್ಕು ದಿನದಲ್ಲಿ ಒಡೆಯುತ್ತವೆ. ಇಟಲಿಯ ಬೊನೊಮೊ ಮತ್ತು ಚೆಸ್ತೋನಿ 1687ರಲ್ಲೇ ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಟ್ಟಿದ್ದರು. ಮೊದಲ ಸಲ ತಗುಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಮಲಗುವ ತಮ್ಮನಿಗೆ, ಎತ್ತಿ ಆಡಿಸುವ ಅಜ್ಜಿಗೆ ಅದು ದಾಟಿಯಾಗಿರುತ್ತದೆ.

ಬೇವು, ಅರಿಶಿನ ಬರೀ ನಂಬಿಕೆಯ ಮಾತಲ್ಲ. ಎರಡನ್ನೂ ಅರೆದು 814 ಕಜ್ಜಿ ರೋಗಿಗಳಿಗೆ ಹಚ್ಚಿದ ಪ್ರಾಥಮಿಕ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಶೇ 97ರಷ್ಟು ಮಂದಿಗೆ 3ರಿಂದ 15 ದಿನದೊಳಗೆ ಗುಣವಾಯಿತೆಂದು ಅದು ಹೇಳುತ್ತದೆ. ಬೇರೆ ಔಷಧಿಯ ಎದುರಿಗಿಟ್ಟು ತೂಗಿದ ಪರೀಕ್ಷೆ ಅದಲ್ಲ, ಹಾಗಾಗಿ ಅದನ್ನೇ ಕೊನೆಯ ಮಾತೆನ್ನಲಾರೆ. ಆದರೂ ಹಿತ್ತಿಲಿನ ಮರವನ್ನು ಗೌರವದಿಂದ ನೋಡಲು ಅಷ್ಟು ಸಾಕು. ಹಳ್ಳಿಗಳಲ್ಲಿ ಹಚ್ಚುವ ಹೊಂಗೆ ಎಣ್ಣೆಗೆ ಅಷ್ಟು ದೊಡ್ಡ ಪರೀಕ್ಷೆಯ ಬಲವಿಲ್ಲ. ಗಂಧಕದ ಮುಲಾಮಿಗಿದೆ: ವಾಸನೆ ಕೆಟ್ಟದ್ದಾದರೂ ಗರ್ಭಿಣಿಯರಿಗೆ, ಎಳೆಗೂಸುಗಳಿಗೆ ವೈದ್ಯರು ಇಂದಿಗೂ ಬರೆದುಕೊಡುತ್ತಾರೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪರ್ಮೆಥ್ರಿನ್ ಕೂಡ ಸೇವಂತಿಯ ಬಳಗದ ಪೈರೆಥ್ರಮ್ ಹೂವಿನ ಸಾರವನ್ನು ಮಾದರಿಯಾಗಿಟ್ಟುಕೊಂಡು 1970ರ ದಶಕದಲ್ಲಿ ರೂಪಿಸಿದ್ದು.

ಗಿಡವೋ ಮಾತ್ರೆಯೋ ಎಂದು ಜಗಳವಾಡುವವರು ಮರೆಯುವುದು ಹಚ್ಚುವ ಕ್ರಮವನ್ನು. ತುರಿಸಿದಲ್ಲಿ ಮಾತ್ರ ಸವರಿದರೆ ಬೇವೂ ಸೋಲುತ್ತದೆ, ಪರ್ಮೆಥ್ರಿನ್ನೂ ಸೋಲುತ್ತದೆ. ಕತ್ತಿನಿಂದ ಅಂಗಾಲಿನವರೆಗೆ, ಉಗುರಿನಡಿಯನ್ನೂ ಬಿಡದೆ ಹಚ್ಚಬೇಕು. ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಪರ್ಮೆಥ್ರಿನ್ ಆದರೆ ಉಳಿದ ಮೊಟ್ಟೆಗಳಿಗಾಗಿ ವಾರದ ನಂತರ ಮತ್ತೊಮ್ಮೆ. ಬಟ್ಟೆ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಿರಿ, ಆದರೆ ನಂಬಿಕೆಯನ್ನೆಲ್ಲ ಅಲ್ಲೇ ಇಡಬೇಡಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್‌ಬಿ ಎಂಬ ವಿಜ್ಞಾನಿ ಸ್ವಯಂಸೇವಕರಿಗೆ ಕಜ್ಜಿ ಹಿಡಿದ ಸೈನಿಕರ ಒಳಉಡುಪು, ಕಂಬಳಿ ಕೊಟ್ಟು ನೋಡಿದರು. ರೋಗ ಹತ್ತಿದ್ದು ತೀರ ಕೆಲವರಿಗೆ. ಮೈಗೆ ಮೈ ತಾಗಿಯೇ ಇದು ಹೆಚ್ಚಾಗಿ ಹರಡುತ್ತದೆ.

ಕೆಲವು ಕಡೆ ಹಟ ಬಿಡಲೇಬೇಕು. ಬೇವಿನೆಣ್ಣೆಯನ್ನು ಮಕ್ಕಳಿಗೆ ಕುಡಿಸಬಾರದು, ಪ್ರಾಣಕ್ಕೇ ಕುತ್ತು ಬಂದದ್ದಿದೆ. ಬೆಳ್ಳುಳ್ಳಿ ಅರೆದು ಕಟ್ಟಿದರೆ, ಸೀಮೆಎಣ್ಣೆ ಸವರಿದರೆ ಚರ್ಮ ಸುಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಟ್ಯೂಬು ತುರಿಕೆಯನ್ನು ಅಡಗಿಸಿ ನುಸಿಯನ್ನು ಬೆಳೆಯಲು ಬಿಡುತ್ತದೆ. ಕೆರೆದ ಗಾಯ ಕೀವಾದರೆ ಅದರ ಬ್ಯಾಕ್ಟೀರಿಯಾ ಮೂತ್ರಪಿಂಡಕ್ಕೂ ತೊಂದರೆ ತರಬಲ್ಲದು. ಮಗುವಿನ ಮುಖ ಊದಿದರೆ, ಮೂತ್ರ ಕೆಂಪಾದರೆ ಕೂಡಲೇ ಆಸ್ಪತ್ರೆಗೆ ಓಡಿ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ಕಡೆಗಣಿಸಲ್ಪಟ್ಟ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಒತ್ತೊತ್ತಾಗಿ ಮಲಗುವ ಹಾಸ್ಟೆಲ್ ಮಕ್ಕಳ ಪಾಲಿಗೆ ಆ ಕಡೆಗಣನೆ ನಿಜ. ಕೊಳಕೆಂದು ಹೀಯಾಳಿಸಿ ಒಬ್ಬ ಹುಡುಗನನ್ನು ಊರಿಗೆ ಕಳಿಸಿದರೆ ಅವನು ಗುಣವಾಗಿ ಬಂದರೂ ವಾರದೊಳಗೆ ಮತ್ತೆ ತಗುಲುತ್ತದೆ. ವಾರ್ಡನ್‌ಗಳು ಆರೋಗ್ಯ ಕೇಂದ್ರದ ವೈದ್ಯರನ್ನು ಕರೆಸಿ, ಕೊಠಡಿಯ ಮಕ್ಕಳಿಗೆಲ್ಲ, ಅಡುಗೆಯವರಿಗೂ ಸೇರಿಸಿ, ಒಂದೇ ಸಂಜೆ ಔಷಧಿ ಹಚ್ಚಿಸಲಿ. ಆಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯುವುದು ಸಹಜವೆಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು.