ಮಸುಕಾದ ಫೋಟೊಗೆ ಲೆನ್ಸನ್ನು ದೂರುವ ಮುನ್ನ

ಫೋಟೊ ಮಸುಕಾಯಿತೆಂದರೆ ಮೊದಲು ಬೈಸಿಕೊಳ್ಳುವುದು ಲೆನ್ಸು. ಕಿಟ್ ಲೆನ್ಸಿನ ಹಣೆಬರಹವೇ ಇಷ್ಟು ಎಂದುಕೊಂಡು ದುಬಾರಿ ಲೆನ್ಸಿಗೆ ಇಎಂಐ ಲೆಕ್ಕ ಹಾಕತೊಡಗುತ್ತೇವೆ. ಅದಕ್ಕೆ ಮೊದಲು ಮಸುಕು ಯಾವ ಬಗೆಯದೆಂದು ನೋಡಬೇಕು. ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆದ ಬಣ್ಣದ ಕೊಕ್ಕರೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ. ನೀರಿನ ಮೇಲಿನ ಬಿಸಿಲಿನ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಗೀಟಾಗಿ ಎಳೆದುಕೊಂಡಿದ್ದರೆ ಅಲುಗಿದ್ದು ಕ್ಯಾಮೆರಾ. ಮೈ ಸ್ಪಷ್ಟವಿದ್ದು ರೆಕ್ಕೆಯ ತುದಿ ಮಾತ್ರ ಕಲಸಿದ್ದರೆ ಹಕ್ಕಿ ಶಟರಿಗಿಂತ ಚುರುಕಾಗಿತ್ತು. ಕಣ್ಣು ಮಂಜಾಗಿ ಹಿಂದಿನ ಕೊಂಬೆ ಚೆನ್ನಾಗಿ ಮೂಡಿದ್ದರೆ ಫೋಕಸ್ ತಪ್ಪಿದೆ: 400 ಎಂಎಂ ಲೆನ್ಸಿನಲ್ಲಿ ಎಫ್/5.6 ಇಟ್ಟು ಹತ್ತು ಮೀಟರ್ ದೂರದ ಹಕ್ಕಿಗೆ ಗುರಿಯಿಟ್ಟರೆ ಸ್ಪಷ್ಟವಾಗಿ ಸಿಗುವ ಆಳ ಹೆಚ್ಚೆಂದರೆ ಒಂದು ಗೇಣು. ಈ ಮೂರರಲ್ಲಿ ಯಾವುದೂ ಗಾಜಿನ ತಪ್ಪಲ್ಲ.

ಅಲುಗಾಟಕ್ಕೆ ಹಳೆಯ ಸೂತ್ರವೊಂದಿದೆ. 400 ಎಂಎಂ ಲೆನ್ಸಾದರೆ ಶಟರ್ 1/400 ಸೆಕೆಂಡಿಗಿಂತ ನಿಧಾನ ಬೇಡ. ಸೆನ್ಸರ್ ಎಪಿಎಸ್-ಸಿ ಗಾತ್ರದ್ದಾದರೆ 1/600. ಈಗ ಸ್ಟೆಬಿಲೈಸೇಶನ್ ಇದೆಯಲ್ಲ, ಈ ಲೆಕ್ಕ ಯಾಕೆ ಎನ್ನಬಹುದು. ಅದು ತಡೆಯುವುದು ನಿಮ್ಮ ಕೈನಡುಕವನ್ನು, ಎದುರಿಗಿರುವವರ ಚಲನೆಯನ್ನಲ್ಲ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ನಡೆಯುವ ಮನುಷ್ಯ 1/50 ಸೆಕೆಂಡಿನಲ್ಲಿ ಸುಮಾರು 28 ಮಿಲಿಮೀಟರ್ ಮುಂದೆ ಸಾಗಿರುತ್ತಾನೆ. 1/500ರಲ್ಲಾದರೆ ಮೂರು ಮಿಲಿಮೀಟರಿಗೂ ಕಡಿಮೆ. ಮದುವೆ ಮನೆಯಲ್ಲಿ ಓಡಾಡುವ ಮಕ್ಕಳ ಚಿತ್ರ ಏಕೆ ಕೆಡುತ್ತದೆಂಬುದಕ್ಕೆ ಇಷ್ಟು ಸಾಕು. ಶಟರ್ ಏರಿಸಿದರೆ ಐಎಸ್‌ಒ ಏರಿ ಚಿತ್ರದಲ್ಲಿ ಕಾಳುಕಾಳು ನಾಯ್ಸ್ ಬರುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ನಾಯ್ಸನ್ನು ಇಂದಿನ ಸಾಫ್ಟ್‌ವೇರ್ ಬಹುಮಟ್ಟಿಗೆ ಒರೆಸಿಹಾಕುತ್ತದೆ. ಕಲಸಿಹೋದ ಕಣ್ರೆಪ್ಪೆಯನ್ನು ಹಾಗೆ ಬಿಡಿಸಿ ಕೊಡಲಾಗದು. ಕೊಟ್ಟರೂ ಅದು ಊಹಿಸಿ ಬರೆದ ರೆಪ್ಪೆ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸುವುದಾದರೆ ನನ್ನ ಮತ ನಾಯ್ಸಿಗೆ.

ಭೂದೃಶ್ಯ ತೆಗೆಯುವವರದು ಇನ್ನೊಂದು ಕಥೆ. ಟ್ರೈಪಾಡ್ ಹೂಡಿ, ಎರಡು ಸೆಕೆಂಡಿನ ಟೈಮರ್ ಇಟ್ಟು, ಎಲ್ಲವೂ ಸ್ಪಷ್ಟವಾಗಲಿ ಎಂದು ಅಪರ್ಚರನ್ನು ಎಫ್/22ಕ್ಕೆ ಇಳಿಸಿ, ಕೈಯಾರೆ ಚಿತ್ರ ಕೆಡಿಸಿಕೊಳ್ಳುತ್ತಾರೆ. ಕಿರಿದಾದ ಕಂಡಿಯಲ್ಲಿ ನುಸುಳುವ ಬೆಳಕು ಹರಡಿಕೊಳ್ಳುವುದು ಭೌತಶಾಸ್ತ್ರದ ನಿಯಮ. ಎಫ್/22ರಲ್ಲಿ ಒಂದು ಬೆಳಕಿನ ಬಿಂದು ಸೆನ್ಸರಿನ ಮೇಲೆ ಸುಮಾರು 30 ಮೈಕ್ರಾನ್ ಅಗಲದ ಚುಕ್ಕೆಯಾಗುತ್ತದೆ. 24 ಮೆಗಾಪಿಕ್ಸೆಲಿನ ಫುಲ್‌ಫ್ರೇಮ್ ಕ್ಯಾಮೆರಾದ ಒಂದು ಪಿಕ್ಸೆಲ್ ಇರುವುದೇ ಸುಮಾರು ಆರು ಮೈಕ್ರಾನ್. ಎಷ್ಟೇ ಬೆಲೆ ತೆತ್ತು ತಂದ ಲೆನ್ಸೂ ಇದನ್ನು ಮೀರಲಾರದು. ಎಫ್/8ರ ಆಸುಪಾಸಿನಲ್ಲಿ ಸಾಮಾನ್ಯ ಕಿಟ್ ಲೆನ್ಸೂ ಅಚ್ಚರಿಯಾಗುವಷ್ಟು ಸ್ಪಷ್ಟ ಚಿತ್ರ ಕೊಡುತ್ತದೆ.

ಹಾಗಾದರೆ ದುಬಾರಿ ಲೆನ್ಸ್ ಕೊಳ್ಳುವವರೆಲ್ಲ ಪೆದ್ದರೇ? ಅಲ್ಲ. ಎಫ್/5.6ರ ಬದಲು ಎಫ್/4 ಲೆನ್ಸಿದ್ದರೆ ಅದೇ ಬೆಳಕಿನಲ್ಲಿ, ಅದೇ ಐಎಸ್‌ಒದಲ್ಲಿ 1/500 ಇದ್ದ ಶಟರ್ 1/1000ಕ್ಕೆ ಏರುತ್ತದೆ. ಮುಂಜಾನೆಯ ಮಬ್ಬು ಬೆಳಕಿನಲ್ಲಿ ಹಾರುವ ಹಕ್ಕಿಗೆ ಈ ದುಪ್ಪಟ್ಟು ವೇಗ ಬೇಕೇ ಬೇಕು. ಆ ಲೆನ್ಸ್ ಭಾರವೂ ಹೌದು. ಕೈ ಸೋತು ನಡುಗಿದರೆ ಗಳಿಸಿದ ಸ್ಟಾಪು ಅಲ್ಲೇ ಸೋರಿಹೋಗುತ್ತದೆ. ಅಂಗಡಿಯಲ್ಲೇ ಐದು ನಿಮಿಷ ಇಳಿಸದೆ ಕಣ್ಣಿಗೆ ಹಿಡಿದು ನೋಡಿ, ಆಮೇಲೆ ಕಾರ್ಡ್ ತೆಗೆಯುವುದು ಲೇಸು.