ಗಾಳವನ್ನು ಸಜ್ಜುಗೊಳಿಸುವ ಕಾಲ

ರೋಹಿಣಿಯು ಕಳೆದು ಮೃಗಶಿರೆಯು ಸಮೀಪಿಸುವಾಗ ನಮ್ಮ ತೆಂಗಳಿಯ ಮನೆಗಳಲ್ಲಿ ಕೂರಿಗೆ ಕುಂಟೆಗಳು ಹೊರಕ್ಕೆ ಬರುವುವು. ಕಳೆದ ವರ್ಷ ಅವುಗಳ ಸಂಗಡ ನಮ್ಮ ಮೊಮ್ಮಗನು ಬಿದಿರಿನ ಗಾಳದ ಕೋಲೊಂದನ್ನೂ ಹೊರತೆಗೆದನು. ಹೊಸನೀರು ಬಂದೊಡನೆ ಕಾಗಿಣೆಗೆ ಹೋಗಬೇಕೆಂಬುದು ಅವನ ಹಂಬಲ. ಮೃಗಶಿರೆಯ ದಿನ ಮೀನುಣ್ಣುವ ವಾಡಿಕೆಯು ಹೈದರಾಬಾದಿನ ಕಡೆ ಪ್ರಸಿದ್ಧವಾದುದಷ್ಟೆ.

ಸಿದ್ಧತೆಯೆಂಬುದು ಉತ್ತಮವಾದ ಅಭ್ಯಾಸವೇ. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ತನ್ನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತಿರುವನು. ಮೀನಿನ ಜಾತಿ, ಅದಕ್ಕೆ ಒಗ್ಗುವ ಎರೆ, ಕೋಲು, ದಾರ ಇವೆಲ್ಲವೂ ಅಲ್ಲಿ ವಿಚಾರಿತವಾಗಿವೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಭಾಗವನ್ನು ವಿದ್ವಾಂಸರಿಗೆ ಪರಿಚಯಿಸಿದರು.

ಆಂಗ್ಲ ದೇಶದಲ್ಲಿ ಗರಿ ರೋಮಗಳನ್ನು ಕೊಕ್ಕೆಗೆ ಸುತ್ತಿ, ಕೃತಕ ನೊಣವನ್ನು ರಚಿಸಿ, ಟ್ರೌಟ್ ಮೀನನ್ನು ಹಿಡಿಯುವರು. ಆ ಮೀನು ಚಳಿಗಾಲದ ಸುಮಾರಿಗೆ ತತ್ತಿಯಿಡುವುದರಿಂದ ಆಗ ಬೇಟೆ ನಿಷಿದ್ಧ. ಆ ಬಿಡುವಿನಲ್ಲಿಯೇ ಅವರು ನೊಣಗಳನ್ನು ಕಟ್ಟಿ, ಕೋಲನ್ನೊರಸಿ, ವಸಂತಕ್ಕಾಗಿ ಕಾದಿರುವರು. ಅಂದಮೇಲೆ ಕಾಯುವುದೂ ಸಿದ್ಧತೆಯ ಒಂದು ಅಂಗವೇ ಸರಿ.

ನಮ್ಮಲ್ಲಿಯಾದರೋ ಗೆಂಡೆ ಮೀನುಗಳು ತತ್ತಿಯಿಡುವುದು ಮಳೆಗಾಲದಲ್ಲಿ. ಹೊಸಪ್ರವಾಹವು ಬಂದೊಡನೆ ಅವು ಆಳವನ್ನು ಬಿಟ್ಟು ತೆಳುನೀರಿಗೆ ಏರುವುವು. ಒಂದು ದೊಡ್ಡ ರೋಹುವಿನ ಗರ್ಭದಲ್ಲಿ ಲಕ್ಷಕ್ಕೂ ಮಿಕ್ಕಿದ ತತ್ತಿಗಳಿರುವುವು. ಇಟ್ಟ ತತ್ತಿಗಳು ಸುಮಾರು ಒಂದು ಹಗಲಿರುಳಿನಲ್ಲಿ ಒಡೆದು ಮರಿಗಳಾಗುವುವು. ಮೀನು ಕೈಗೆ ಸುಲಭವಾಗಿ ಸಿಕ್ಕುವ ಆ ಗಳಿಗೆಯೇ ಅದನ್ನು ಹಿಡಿಯಬಾರದ ಗಳಿಗೆ!

ಬಾಲ್ಯದಲ್ಲಿ ನಾವೂ ಈ ತಪ್ಪನ್ನು ಮಾಡಿದೆವು. ಹೊಸನೀರಿಗೆ ಬುಟ್ಟಿಯೊಡ್ಡಿ ಹಿಡಿದ ಮೀನನ್ನು ಹಿಗ್ಗಿನಿಂದ ಮನೆಗೆ ತಂದೆವು. ತಾಯಿಯು ಅದನ್ನು ಸೀಳಿದಳು. ಹೊಟ್ಟೆಯ ತುಂಬ ತತ್ತಿ. ಆಕೆಯು ಕೈಯನ್ನು ತೊಳೆದುಕೊಂಡು, “ಬಸುರಿಯನ್ನು ಹಿಡಿದು ತಂದೆಯಲ್ಲೋ” ಎಂದಷ್ಟೇ ನುಡಿದಳು. ಆ ರಾತ್ರಿ ಒಲೆಯ ಮೇಲೆ ಬೇಳೆಯೇ ಬೆಂದಿತು.

ಇದನ್ನು ನಾವು ಮೊಮ್ಮಗನಿಗೆ ಹೇಳಿದೆವು. ಕರಾವಳಿಯಲ್ಲಿ ಯಂತ್ರದ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗಿಳಿಯವೆಂಬುದನ್ನೂ ತಿಳಿಸಿದೆವು. ಹೊಟ್ಟೆಪಾಡಿನವರೇ ಎರಡು ತಿಂಗಳು ತಡೆಯುವಾಗ ವಿನೋದಕ್ಕೆ ಹೋಗುವವನಿಗೆ ಆತುರವೇತಕ್ಕೆ?

ಬಳಿಕ ಇಬ್ಬರೂ ಜಗಲಿಯಲ್ಲಿ ಕುಳಿತೆವು. ಕೋಲಿನ ಗೆಣ್ಣುಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿ ಎಣ್ಣೆ ಸವರಿದೆವು. ನೈಲಾನ್ ದಾರವನ್ನು ಬೆರಳುಗಳ ನಡುವೆ ಎಳೆದು, ಒರಟಾದ ಭಾಗವನ್ನು ಕತ್ತರಿಸಿದೆವು. ಕೊಕ್ಕೆಯ ತುಕ್ಕನ್ನು ಉಜ್ಜಿ ಮೊನೆಯನ್ನು ಮಸೆದೆವು. ನವಿಲುಗರಿಯ ದಂಟಿನಿಂದ ತೇಲುಕಡ್ಡಿಯೊಂದು ಸಿದ್ಧವಾಯಿತು. ಮೃಗಶಿರೆಯ ಊಟಕ್ಕೆ ಹೊಂಡದಲ್ಲಿ ಸಾಕಿದ ಮೀನು ಬಂದಿತು.

ಹುಡುಗನು ಕೋಲನ್ನು ಗೂಟಕ್ಕೆ ಸಿಕ್ಕಿಸಿ, “ನೀರು ಯಾವಾಗ ತಿಳಿಯಾದೀತು?” ಎಂದು ಕೇಳಿದನು. ಮಳೆಗಾಲವು ಹಿಂಗಿದ ಮೇಲೆಂದೆವು. ಅಂದಿನಿಂದ ಅವನು ಕೋಲನ್ನು ಒರಸುವುದನ್ನು ಬಿಡಲಿಲ್ಲ, ಕೆಳಗಿಳಿಸಲೂ ಇಲ್ಲ.